ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಪ್ರಯೋಗ ಮಾಡಿಸೋಕೆ ಹೋಗೋರು ಹೇಳಿ: ಎರಡನೇ ಸಲ ಹೋದಾಗ ಏನು ಮಾಡ್ತೀರಿ?

ಮಾಗಡಿರಸ್ತೆ · ಜೂನ್ 25, 2023

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ, ತವರು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ. ನಿನ್ನೆ ಶನಿವಾರ, ಬೆಳಗಿನ ಶಾಲೆ. ಆಫೀಸಿನ ಮೂವರ ಜೊತೆ ನಾನು ಓದಿದ ಹಿರಿಯ ಪ್ರಾಥಮಿಕ ಶಾಲೆಗೇ ಹೋಗಿ ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಪ್ರಯೋಗ ತೋರಿಸಿದ್ವಿ. ಒಟ್ಟು 54 ಮಕ್ಕಳು. ಸೈಕಲ್ ಪಂಪಿನಿಂದ ಹಾರಿಸೋ ನೀರಿನ ರಾಕೆಟ್, ವಿನೆಗರ್‌ಗೆ ಸೋಡಾ ಹಾಕಿ ಬಲೂನ್ ಊದಿಸೋದು, ಬಾಟಲಿಯೊಳಗೆ ಮೊಟ್ಟೆ ಇಳಿಯೋದು. ಮಕ್ಕಳ ಖುಷಿ ಹೇಳತೀರದು. ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಎಳನೀರು ಕೊಡಿಸಿದರು. ಹೆಡ್‌ಮಾಸ್ಟರು ಬೀಳ್ಕೊಡುವಾಗ "ಮತ್ತೆ ಯಾವಾಗ ಬರ್ತೀರಮ್ಮ?" ಅಂದರು.

ರಾತ್ರಿ ಕೂತು ಗೆಳೆಯ ತೆಗೆದ ವಿಡಿಯೋ ನೋಡಿದೆ. ನಲವತ್ತು ನಿಮಿಷದ್ದು. ಅದರಲ್ಲಿ ಕೆಲಸ ಮಾಡ್ತಿರೋ ಕೈಗಳೆಲ್ಲ ನಮ್ಮವೇ. ಮಕ್ಕಳ ಕೈ ಕಾಣೋದು ಚಪ್ಪಾಳೆ ತಟ್ಟುವಾಗ ಮಾತ್ರ. ಒಬ್ಬ ಹುಡುಗ ರಾಕೆಟ್ ಬಾಟಲಿ ಹಿಡಿದುಕೊಂಡಿದ್ದಾನೆ, ಅದೂ ಹತ್ತು ಸೆಕೆಂಡು. ವಿಜ್ಞಾನದ ಮೇಡಂ ಬಾಗಿಲ ಹತ್ತಿರ ನಿಂತು ಕೊನೆವರೆಗೂ ಸುಮ್ಮನೆ ನೋಡ್ತಿದ್ದಾರೆ, ನಾವು ಅವರನ್ನ ಒಂದು ಮಾತೂ ಕೇಳಿಲ್ಲ.

ಮತ್ತೆ ಹೋಗಬೇಕು ಅಂತ ಮನಸ್ಸಿದೆ. ಆದರೆ ಇದೇ ಥರ ಹೋಗೋದಾದರೆ ಅದು ಪ್ರದರ್ಶನ ಆಗುತ್ತೆ, ಕಲಿಕೆ ಆಗಲ್ಲ ಅನ್ನಿಸ್ತಿದೆ. ನೀವುಗಳು ಹೇಗೆ ಮಾಡ್ತೀರಿ?

---

ಹಳ್ಳಿಮೇಷ್ಟ್ರು · ಜೂನ್ 25

ವಿಡಿಯೋ ನೋಡಿ ಕೈ ಎಣಿಸಿದಿರಲ್ಲ ತಾಯಿ, ಅರ್ಧ ದಾರಿ ಬಂದಿದೀರಿ. ಹಾಸನ ಜಿಲ್ಲೆಯಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಪಾಠ ಮಾಡ್ತಿದ್ದೀನಿ. ನಮ್ಮ ಶಾಲೆಗೂ ನಿಮ್ಮಂಥ ಯುವಕರು ಬಂದಿದ್ದಾರೆ, ಒಳ್ಳೆ ಮನಸ್ಸಿನೋರೇ. ಮಾರನೇ ದಿನ ಮಕ್ಕಳು ನನ್ನ ಮುಖ ನೋಡಿ "ಸಾ, ರಾಕೆಟ್ ಬಿಡಿ" ಅಂದಾಗ ನನ್ನ ಹತ್ತಿರ ಬಾಟಲಿ ಇದೆ, ಅವರು ತಂದಿದ್ದ ವಾಲ್ವ್ ಇಲ್ಲ. ಹೇಗೆ ಜೋಡಿಸಿದರು ಅಂತಲೂ ಗೊತ್ತಿಲ್ಲ.

ಅದಕ್ಕೇ ನಾನು ಮೂರು ಮಾತು ಕೇಳ್ತೀನಿ ಬರೋರನ್ನ. ಈ ಸಾಮಾನು ನಮ್ಮೂರ ಅಂಗಡೀಲಿ ಸಿಗುತ್ತಾ? ಮಗು ಮನೆಗೆ ಹೋಗಿ ಇದನ್ನ ತಾನೇ ಮಾಡಬಹುದಾ? ಈಗ ನಡೀತಿರೋ ಪಾಠಕ್ಕೆ ಇದು ಹೊಂದುತ್ತಾ? ಮೂರಕ್ಕೂ ಹೌದು ಅಂದರೆ ನನ್ನ ಎರಡು ಪೀರಿಯಡ್ ನಿಮಗೇ.

ಮುಂದಿನ ಸಲಕ್ಕೆ ಒಂದು ಹೇಳ್ತೀನಿ. ಏಳನೇ ಕ್ಲಾಸಿಗೆ ಆಮ್ಲ, ಪ್ರತ್ಯಾಮ್ಲದ ಪಾಠ ಇದೆ. ಅರಿಶಿನ, ಸುಣ್ಣ, ನಿಂಬೆಹಣ್ಣು ತಗೊಂಡು ಹೋಗಿ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗೋದು ಆ ಮಕ್ಕಳಲ್ಲಿ ಯಾರಿಗೆ ಗೊತ್ತಿಲ್ಲ? ಮದುವೆಮನೇಲಿ, ಬಾಣಂತಿ ಮನೆಗೆ ಬಂದಾಗ ಎತ್ತೋ ಆರತಿಯ ಓಕುಳಿ ಅದೇ ತಾನೆ. ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಏನಾಗುತ್ತೆ ಅಂತ ಮಾತ್ರ ಯಾರೂ ನೋಡಿರಲ್ಲ, ಆರತಿಗೆ ಯಾರು ಹುಳಿ ಹಿಂಡ್ತಾರೆ? ತಿರುಗಿ ಹಳದಿಯಾಗುತ್ತೆ. ಗೊತ್ತಿರೋದರ ಪಕ್ಕದಲ್ಲೇ ಗೊತ್ತಿಲ್ಲದ್ದು ಕೂತಿದೆ ಅಂತ ಮಗು ಕಾಣೋದು ಆಗಲೇ.

ಒಂದು ಎಚ್ಚರಿಕೆ. ವೀಳ್ಯದೆಲೆ ಅಂಗಡಿಯ ತಿನ್ನೋ ಸುಣ್ಣ ತಗೊಳ್ಳಿ, ಅದೂ ಚಿಟಿಕೆ, ಕಲಸಿದ ತಿಳಿನೀರು ಸಾಕು. ಸುಟ್ಟ ಸುಣ್ಣದ ಕಲ್ಲು ಶಾಲೆಯೊಳಕ್ಕೇ ತರಬೇಡಿ. ನೀರು ಬಿದ್ದರೆ ಕುದಿಯುತ್ತೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು.

---

ಮಲಪ್ರಭಾ · ಜೂನ್ 26

ಮೇಷ್ಟ್ರು ಹೇಳಿದ್ದು ಖರೇ ಅದ. ನಾ ಹುಬ್ಬಳ್ಳಿ ಕಡೆ ಸಾಲಿಗೆ ಐದು ವರ್ಷ ಆತು ಹೋಗಾಕತ್ತು. ಮೊದಲನೇ ವರ್ಷ ನಾನೂ ಹೊಗಿ, ಬೆಂಕಿ, ಢಂ ಅನ್ನೋದನ್ನ ಮಾಡಿದಾವನ. ಈಗ ಅವನ್ನೆಲ್ಲಾ ಬಿಟ್ಟೇನ್ರಿ.

ಅರಿಶಿಣದ ಪ್ರಯೋಗಕ್ಕ ನಂದೊಂದು ಅನುಭವ ಕೇಳ್ರಿ. ಐದೈದು ಮಂದಿ ಗುಂಪು ಮಾಡಿ, ಬಿಳಿ ಹಾಳಿಗೆ ಅರಿಶಿಣ ಬಳದು ಒಣಗಿಸಿ ಪಟ್ಟಿ ಕತ್ತರಿಸಾಕ ಹುಡುಗೂರಿಗೇ ಕೊಟ್ಟೆ. ಸಬಕಾರ ನೀರು, ಹುಣಸಿ ಹುಳಿ, ಮಜ್ಜಿಗಿ, ಬೂದಿ ನೀರು, ಅಡಗಿ ಸೋಡಾ, ಸುಣ್ಣದ ತಿಳಿ, ಎಲ್ಲಾ ಒಂದೊಂದು ಬಟ್ಟಲದಾಗ ಇಟ್ಟೆ. ಒಂದು ಗುಂಪಿನವರು ಬಂದು "ಸರ್, ನಮ್ಮ ಸುಣ್ಣಕ್ಕ ಬಣ್ಣ ಸರಿಯಾಗಿ ಬರವಲ್ದು" ಅಂದ್ರು. ನೋಡಿದ್ರ ಅವರ ಸುಣ್ಣ ಒಬ್ಬ ಹುಡುಗ ಮನಿಯಿಂದ ತಂದಿದ್ದು, ಅಜ್ಜಿ ಡಬ್ಬ್ಯಾಗ ಒಣಗಿ ಗಟ್ಟಿಯಾಗಿದ್ದು. ಬಯಲಾಗ ಇಟ್ಟ ಸುಣ್ಣ ಗಾಳ್ಯಾನ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣದ ಕಲ್ಲಿನ ಪುಡಿ ಆಗಿಬಿಡ್ತದ, ಖಾರ ಹೋಗ್ತದ. ಅವತ್ತ ನಾ ಹೇಳಬೇಕಂದಿದ್ದ ಪಾಠ ಅಲ್ಲಿಗೇ ನಿಂತ್ತು. ಎಲ್ಲಾರೂ ತಾಜಾ ಸುಣ್ಣದ ತಿಳಿಗೆ ಕೊಳವಿ ಹಿಡದು ಉಸಿರು ಊದಾಕ ಹತ್ತಿದ್ರು. ನೀರು ಹಾಲಿನಂಗ ಬೆಳ್ಳಗಾತು. ಅಜ್ಜಿ ಡಬ್ಬ್ಯಾಗ ವರ್ಷಗಟ್ಟಲೆ ಆಗಿದ್ದು ಇಲ್ಲಿ ಎರಡು ನಿಮಿಷದಾಗ ಆತು.

ಊದಬೇಕು, ಎಳೀಬಾರದು. ಇದನ್ನ ಹತ್ತು ಸಲ ಹೇಳ್ರಿ. ಕೊಳವಿ ನಡುವ ಸೂಜಿಲೆ ಒಂದು ತೂತು ಹಾಕಿಟ್ರ ಎಳದ್ರೂ ಸುಣ್ಣ ಬಾಯಿಗೆ ಬರೂದು ಕಷ್ಟ.

ಇನ್ನೊಂದು. ಅಡಗಿ ಸೋಡಾಕ್ಕ ಅರಿಶಿಣ ಪೂರಾ ಕೆಂಪ ಆಗೂದಿಲ್ಲ, ತಿಳಿ ಕಂದು ಅಷ್ಟ. ಹುಡುಗೂರು "ಆತು", "ಆಗಿಲ್ಲ" ಅಂತ ಜಗಳಾ ತಗೀತಾರ. ತಗೀಲಿ ಬಿಡ್ರಿ, ನೀವು ನಡುವ ಬಂದು ಉತ್ತರಾ ಹೇಳಬ್ಯಾಡ್ರಿ. ಅರಿಶಿಣಕ್ಕ ನಿಂಬಿಹಣ್ಣೂ ಒಂದ, ಸಾದಾ ನೀರೂ ಒಂದ, ಎರಡಕ್ಕೂ ಹಳದೀನ. ಹಂಗಾರ ಹುಳಿ ಗುರ್ತು ಹಿಡಿಯೂದು ಹ್ಯಾಂಗ ಅಂತ ಯಾರರ ಕೇಳಿದ ದಿನ ದಾಸವಾಳದ ಹೂವು ತಗೊಂಡು ಹೋಗ್ರಿ. ಅದರ ರಸ ಹುಳಿಗೆ ಗುಲಾಬಿ, ಸುಣ್ಣಕ್ಕ ಹಸಿರು. ಕೇಳೂಮಟ ಒಯ್ಯಬ್ಯಾಡ್ರಿ.

---

ನ್ಯೂಜೆರ್ಸಿಕನ್ನಡತಿ · ಜೂನ್ 27

ಓದಿ ಕಣ್ಣು ತುಂಬಿ ಬಂತು. ನಾನು ತುಮಕೂರು ಕಡೆಯವಳು, ಇಲ್ಲಿ ಹದಿನೈದು ವರ್ಷವಾಯಿತು. ನಾವು ಕೆಲವು ಕನ್ನಡ ಮನೆಯವರು ಸೇರಿ ಹಣ ಹಾಕಿ ಹತ್ತು ಶಾಲೆಗಳಿಗೆ ವಿಜ್ಞಾನದ ಕಿಟ್ ಕಳಿಸೋಣ ಅಂದುಕೊಂಡಿದ್ದೇವೆ. ಯಾವ ಕಿಟ್ ಒಳ್ಳೆಯದು?

---

ಹಳ್ಳಿಮೇಷ್ಟ್ರು · ಜೂನ್ 27

ಅಮ್ಮಾ, ನಿಮ್ಮ ಪ್ರೀತಿ ದೊಡ್ಡದು, ಅದಕ್ಕೇ ಮುಚ್ಚುಮರೆ ಇಲ್ಲದೆ ಹೇಳ್ತೀನಿ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಎರಡು ಬೀರು ತುಂಬ ಕಿಟ್ ಇತ್ತು. ಬೀಗದಕೈ ಹೆಡ್‌ಮಾಸ್ಟರ ಹತ್ತಿರ. ಬೀಕರ್ ಒಡೆದರೆ ದಾಸ್ತಾನು ಪುಸ್ತಕದಲ್ಲಿ ಬರೀಬೇಕು, ಆಡಿಟ್‌ನಲ್ಲಿ ಕೇಳ್ತಾರೆ. ಅದಕ್ಕೆ ಯಾರೂ ಮುಟ್ಟಲ್ಲ. ನಾನು ವರ್ಗಾವಣೆಯಾಗಿ ಹೊರಡುವಾಗಲೂ ಎಷ್ಟೋ ಪೆಟ್ಟಿಗೆಗಳ ಟೇಪ್ ಹರಿದಿರಲಿಲ್ಲ. ತಪ್ಪು ಅಲ್ಲಿನವರದಷ್ಟೇ ಅಲ್ಲ. ಒಡೆದರೆ ಸಂಬಳದಲ್ಲಿ ಹಿಡಿದಾರು ಅನ್ನೋ ಭಯ ಇರೋ ಜಾಗದಲ್ಲಿ ಗಾಜಿನ ಸಾಮಾನು ಮಕ್ಕಳ ಕೈಗೆ ಬರೋದಿಲ್ಲ.

ಕಳಿಸೋದೇ ಆದರೆ ಒಡೆಯದ, ಕಳೆದರೂ ಹೊಟ್ಟೆ ಉರಿಯದ ಸಾಮಾನು ಕಳಿಸಿ. ಭೂತಕನ್ನಡಿ, ಮಕ್ಕಳಿಗೊಂದೊಂದು. ಅಯಸ್ಕಾಂತ. ಅಳತೆಪಟ್ಟಿ. ಮನು ಪ್ರಕಾಶ್ ಅಂತ, ಸ್ಟ್ಯಾನ್‌ಫರ್ಡಿನಲ್ಲಿ ಇರೋರು, ಕಾಗದ ಮಡಚಿ ಮಾಡೋ ಫೋಲ್ಡ್‌ಸ್ಕೋಪ್ ತಂದರಲ್ಲ, ನೂರನಲವತ್ತು ಪಟ್ಟು ದೊಡ್ಡದಾಗಿ ತೋರಿಸುತ್ತೆ. ಅದು ಒಂದೈದು ಇದ್ದರೆ ಕೆರೆ ನೀರಿನ ಒಂದು ಹನಿಯಲ್ಲಿ ಒಂದು ತಿಂಗಳ ಪಾಠ ಇದೆ.

---

ಪ್ರಶ್ನೆ · ಜೂನ್ 28

ಎಲ್ಲರ ಉತ್ಸಾಹಕ್ಕೆ ಗೌರವ ಇಟ್ಟುಕೊಂಡೇ ಒಂದು ಮಾತು. ಶಾಲೆಗೆ ವಿಜ್ಞಾನದ ಮೇಷ್ಟ್ರನ್ನು ಕೊಡುವುದು ಸರ್ಕಾರದ ಕೆಲಸ. ನಮ್ಮ ಊರಿನ ಶಾಲೆಯಲ್ಲಿ ವಿಜ್ಞಾನ ಹೇಳುವುದು ಅತಿಥಿ ಶಿಕ್ಷಕಿ. ಸಂಬಳ ಮೂರು ತಿಂಗಳಿಗೊಮ್ಮೆ ಬಂದರೆ ಬಂತು. ಹುದ್ದೆ ಖಾಲಿ ಇದೆ ಎಂದು ನಾವು ಅರ್ಜಿ ಕೊಟ್ಟರೆ "ಸಂಸ್ಥೆಯವರು ಬಂದು ಮಾಡ್ತಿದ್ದಾರಲ್ಲ" ಎಂಬ ಉತ್ತರ ಬಂತು. ನೀವು ಶನಿವಾರ ಹೋಗಿ ತುಂಬುವ ತೂತು ಸೋಮವಾರಕ್ಕೆ ಹಾಗೇ ಇರುತ್ತದೆ. ಮೇಲಿನವರಿಗೆ ಮಾತ್ರ ಅದು ಕಾಣುವುದಿಲ್ಲ.

ಹೋಶಂಗಾಬಾದ್ ಉದಾಹರಣೆ ಇದೆಯಲ್ಲ, ಮಕ್ಕಳೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮ. 1972ರಲ್ಲಿ ಮಧ್ಯಪ್ರದೇಶದ ಆ ಜಿಲ್ಲೆಯ 16 ಶಾಲೆಗಳಲ್ಲಿ ಶುರುವಾಯಿತು. ದೊಡ್ಡ ದೊಡ್ಡ ವಿಜ್ಞಾನಿಗಳು ರಜೆ ಹಾಕಿ ಹೋಗಿ ಹಳ್ಳಿಯಲ್ಲಿ ಕೂತು ಪಾಠ ಬರೆದರು. ಮೂವತ್ತು ವರ್ಷ ನಡೆದದ್ದನ್ನು 2002ರಲ್ಲಿ ಸರ್ಕಾರ ಒಂದು ಆದೇಶದಲ್ಲಿ ನಿಲ್ಲಿಸಿತು. ಅಷ್ಟು ದೊಡ್ಡದೇ ಉಳಿಯಲಿಲ್ಲ ಎಂದ ಮೇಲೆ ನಮ್ಮ ಶನಿವಾರಗಳು ಎಲ್ಲಿ ನಿಂತಾವು?

---

ಹಳ್ಳಿಮೇಷ್ಟ್ರು · ಜೂನ್ 28

ನಿಮ್ಮ ಮೊದಲ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಸ್ವಯಂಸೇವಕರು ಖಾಲಿ ಹುದ್ದೆಗೆ ಬದಲಿ ಅಲ್ಲ. ಬರೋರು ಹೆಡ್‌ಮಾಸ್ಟರಿಗೆ ಕೊಡೋ ಪತ್ರದಲ್ಲೇ "ಶಾಲೆಯ ವಿಜ್ಞಾನ ಶಿಕ್ಷಕರ ಜೊತೆಯಲ್ಲಿ" ಅಂತ ಬರೀಲಿ. ಶಿಕ್ಷಕರಿಲ್ಲ ಅಂದರೆ ಅದನ್ನೂ ಬರೀಲಿ, ಒಂದು ಪ್ರತಿ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಲಿ. ನಾವು ಮೇಷ್ಟ್ರುಗಳು ಬರೆದರೆ ಕಡತದಲ್ಲಿ ಮಲಗುತ್ತೆ. ಹೊರಗಿನೋರು ಬರೆದರೆ ಒಂದು ಫೋನಾದರೂ ಬರುತ್ತೆ.

ಎರಡನೇದಕ್ಕೆ ನನ್ನ ತಕರಾರಿದೆ. ಹೋಶಂಗಾಬಾದಿನ ಕಾರ್ಯಕ್ರಮ ನಿಂತಿತು, ಕಲಿತದ್ದು ನಿಲ್ಲಲಿಲ್ಲ. ಅರವಿಂದ ಗುಪ್ತ ಅವರು ಐಐಟಿ ಓದಿ ಟೆಲ್ಕೋದಲ್ಲಿ ಇದ್ದೋರು, 1978ರಲ್ಲಿ ಒಂದು ವರ್ಷ ರಜೆ ಹಾಕಿ ಹೋಗಿದ್ದು ಅಲ್ಲಿಗೇ. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರು ಜೋಡಿಸಿ ತ್ರಿಕೋನ, ಘನ ಕಟ್ಟೋದು ಅವರು ಅಲ್ಲಿ ಕಂಡುಕೊಂಡದ್ದು. ಇವತ್ತು ನನ್ನ ಆರನೇ ಕ್ಲಾಸಿನ ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ಆ ಟ್ಯೂಬಿನ ಚೂರು ಇದೆ. ಚೌಕ ಒತ್ತಿದರೆ ವಾಲುತ್ತೆ, ತ್ರಿಕೋನ ವಾಲಲ್ಲ. ಹಂಚಿನ ಮನೆಯ ಮಾಡಿನ ಮರ ಯಾಕೆ ತ್ರಿಕೋನ ಅಂತ ನಾನು ಹೇಳಿಕೊಟ್ಟಿಲ್ಲ, ಅವರೇ ಹೇಳಿದರು.

ಆ ಕಾರ್ಯಕ್ರಮದ ಜೀವ ಇದ್ದದ್ದು ಕಿಟ್ಟಿನಲ್ಲಲ್ಲ. ತಿಂಗಳಿಗೊಮ್ಮೆ ಮೇಷ್ಟ್ರುಗಳು ಸೇರಿ "ನನ್ನ ಕ್ಲಾಸಿನಲ್ಲಿ ಇದು ಆಗಲಿಲ್ಲ, ಯಾಕೆ?" ಅಂತ ಮಾತಾಡ್ತಿದ್ದರು, ಜೀವ ಇದ್ದದ್ದು ಅಲ್ಲಿ. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು, ಪ್ರಯೋಗ ಮಾಡಿ ತೋರಿಸಬೇಕಿತ್ತು. ನಮ್ಮಲ್ಲೂ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಮೇಷ್ಟ್ರುಗಳು ಸೇರೋ, ಸಮಾಲೋಚನಾ ಸಭೆ ಇದೆಯಲ್ಲ. ಅದರಲ್ಲಿ ಅರ್ಧ ದಿನ ಸುತ್ತೋಲೆ ಓದೋದರಲ್ಲೇ ಹೋಗುತ್ತೆ. ಉಳಿದರ್ಧ ದಿನಕ್ಕೆ ಮಾಗಡಿಯವರಂಥೋರು ಬರಲಿ. ಮಕ್ಕಳಿಗಿಂತ ಮುಂಚೆ ನಮಗೆ ಮಾಡಿಸಿ. ಎಷ್ಟೋ ಜನ ಬಿ.ಎಡ್. ಮುಗಿಸಿ ಬಂದೋರು ಸ್ವಂತ ಕೈಯಿಂದ ಒಂದು ವಿದ್ಯುತ್ ಮಂಡಲ ಜೋಡಿಸಿರೋದಿಲ್ಲ, ಅದನ್ನ ಹೇಳಿಕೊಳ್ಳೋಕೆ ನಾಚಿಕೆ ಪಡ್ತಾರೆ.

---

ಕಡಲತಡಿ · ಜುಲೈ 1

ನಮ್ಮ ಕಡೆಯದ್ದು ಒಂದು ಹೇಳ್ತೇನೆ. 2019ರ ಡಿಸೆಂಬರ್ 26ಕ್ಕೆ ಕಂಕಣ ಸೂರ್ಯಗ್ರಹಣ ಇತ್ತಲ್ಲ, ಮಂಗಳೂರಿನಲ್ಲಿ ಪೂರ್ತಿ ಬಳೆಯೇ ಕಂಡಿತ್ತು, ಬೆಳಿಗ್ಗೆ ಒಂಬತ್ತೂವರೆಗೆ ಸ್ವಲ್ಪ ಮುಂಚೆ. ನಾವು ಆರು ಜನ ಒಂದು ತಿಂಗಳ ಮೊದಲೇ ಶಾಲೆಗಳಿಗೆ ಹೋಗಿ ರಟ್ಟಿನ ಪೆಟ್ಟಿಗೆಯಲ್ಲಿ ಸೂಜಿರಂಧ್ರದ ಕ್ಯಾಮರಾ ಮಾಡಿಸಿದ್ದೆವು. ನಮ್ಮಲ್ಲಿ ಗ್ರಹಣ ಅಂದರೆ ಮಕ್ಕಳನ್ನು ಒಳಗೆ ಕೂರಿಸುವುದೇ ಹೆಚ್ಚು, ಹೇಗೂ ಯಾರೂ ಬರ್ಲಿಕ್ಕಿಲ್ಲ ಅಂತ ನಮಗೆ ಹೆದರಿಕೆ ಇತ್ತು. ಅವರ ಅಜ್ಜಿಯಂದಿರ ನಂಬಿಕೆ ಸುಳ್ಳು ಅಂತ ನಾವು ಒಂದು ಮಾತೂ ಆಡ್ಲಿಲ್ಲ. ಮಕ್ಕಳು ಮಾಡಿದ ಪೆಟ್ಟಿಗೆಯನ್ನು ಮನೆಗೇ ಕೊಟ್ಟು ಕಳಿಸಿದೆವು, ಅಷ್ಟೇ.

ಗ್ರಹಣದ ದಿನ ಒಂದು ಹುಡುಗಿಯ ಅಜ್ಜಿ ಜಗಲಿಯಲ್ಲೇ ಕೂತು, ಸೂರ್ಯನಿಗೆ ಬೆನ್ನು ಹಾಕಿ, ಪೆಟ್ಟಿಗೆಯೊಳಗೆ ಬಳೆ ನೋಡಿದ್ರಂತೆ. ಆಮೇಲೆ ಅಂಗಳದ ಹಲಸಿನ ಮರದ ಕೆಳಗೆ ನೆಲದ ತುಂಬ ಸಣ್ಣ ಸಣ್ಣ ಬಳೆ ಬಿದ್ದದ್ದನ್ನು ತೋರಿಸಿದ್ದು ಆ ಅಜ್ಜಿಯೇ. ಎಲೆಗಳ ಸಂದು ಒಂದೊಂದೂ ಒಂದೊಂದು ಸೂಜಿರಂಧ್ರ. ಇದನ್ನು ನಾವು ಮಕ್ಕಳಿಗೆ ಹೇಳಿಯೇ ಇರ್ಲಿಲ್ಲ.

ಸಾಮಾನು ಮನೆಗೆ ಹೋಗ್ಬೇಕು ಅಂತ ಮೇಷ್ಟ್ರು ಹೇಳಿದ್ದು ಅದಕ್ಕೇ ನನಗೆ ಬಹಳ ಸರಿ ಅನಿಸಿತು. ಶಾಲೆಯಲ್ಲಿ ಬಿಟ್ಟು ಬಂದಿದ್ರೆ ಆ ಪೆಟ್ಟಿಗೆ ರದ್ದಿ ಆಗ್ತಿತ್ತು.

---

ಮಾಗಡಿರಸ್ತೆ · ಜುಲೈ 9

ಎಲ್ಲರಿಗೂ ಋಣಿ. ನಿನ್ನೆ ಎರಡನೇ ಸಲ ಹೋಗಿ ಬಂದೆ. ಮೊದಲೇ ಮೇಡಂ ಜೊತೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದ್ದೆ. ಅವರು ನನಗಿಂತ ಚೆನ್ನಾಗಿ ಯೋಚನೆ ಮಾಡಿಟ್ಟಿದ್ದರು. "ನಾನು ಹಿಂದಿನ ದಿನವೇ ಪಟ್ಟಿ ಒಣಗಿಸಿಡ್ತೀನಿ, ಇಲ್ಲಾಂದರೆ ಒಂದು ಪೀರಿಯಡ್ ಒಣಗೋದರಲ್ಲೇ ಹೋಗುತ್ತೆ" ಅಂದರು. ನಮ್ಮ ನಾಲ್ವರಿಗೂ ಹೊಳೆಯದಿದ್ದ ವಿಷಯ ಅದು. ಒಟ್ಟು ಖರ್ಚು 340 ರೂಪಾಯಿ, ಅದರಲ್ಲಿ ಅರ್ಧ ಸ್ಟೀಲ್ ಬಟ್ಟಲಿಗೆ, ಅವು ಶಾಲೆಯಲ್ಲೇ ಇರ್ತವೆ.

ಒಂದು ತಪ್ಪು ಮಾಡಿದೆ. ಗುಂಪುಗಳ ನಡುವೆ ಓಡಾಡ್ತಾ "ಇದು ಬೇಸ್, ಇದು ಆಸಿಡ್, ಇಂಡಿಕೇಟರ್ ಅಂದ್ರೆ..." ಅಂತ ಶುರು ಮಾಡಿದ್ದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಮೇಡಂ ಮೆಲ್ಲಗೆ ಬಂದು "ಪುಸ್ತಕದಲ್ಲಿ ಪ್ರತ್ಯಾಮ್ಲ, ಸೂಚಕ ಅಂತಿದೆ" ಅಂದರು. ನಾನು ಏಳನೇ ಕ್ಲಾಸಿನವರೆಗೆ ಇದೇ ಶಾಲೆಯಲ್ಲಿ ಕನ್ನಡದಲ್ಲಿ ಓದಿದವಳು, ಆ ಪದಗಳು ನನ್ನ ಬಾಯಿಂದ ಹೋಗಿಬಿಟ್ಟಿವೆ. ಆದರೆ ಇನ್ನೊಂದೂ ನೋಡಿದೆ. ಪ್ರತ್ಯಾಮ್ಲ ಅಂದಾಗಲೂ ಮಕ್ಕಳ ಮುಖ ಅರಳಲಿಲ್ಲ. "ಸುಣ್ಣದ ಥರದ್ದು" ಅಂದಾಗ ಅರಳಿತು. ಒಬ್ಬಳು "ಹಂಗಾದ್ರೆ ಸೋಪು ಸುಣ್ಣದ ಜಾತಿ, ಹುಣಸೆ ನಿಂಬೆ ಜಾತಿ" ಅಂತ ಬೋರ್ಡಿನ ಮೇಲೆ ಎರಡು ಸಾಲು ಬರೆದಳು. ಪದ ಆಮೇಲೆ ಬರಲಿ ಅಂತ ಬಿಟ್ವಿ.

ಮಕ್ಕಳೆಲ್ಲ ಚಂದ್ರಯಾನದ್ದೇ ಮಾತು. ಇದೇ 14ಕ್ಕೆ ಹಾರುತ್ತಲ್ಲ. ಆಕಾಶಕ್ಕೆ ಸಂಬಂಧಪಟ್ಟಿದ್ದು ಏನಾದರೂ ಮಾಡಬೇಕು ಅಂತ ಆಸೆ, ದೂರದರ್ಶಕ ಇಲ್ಲ.

---

ಹಳ್ಳಿಮೇಷ್ಟ್ರು · ಜುಲೈ 10

ದೂರದರ್ಶಕ ಬೇಡ. ಒಂದು ಕೋಲು ಸಾಕು.

ಶೂನ್ಯ ನೆರಳಿನ ದಿನ ಅಂತ ಇದೆ. ಕರ್ಕಾಟಕ, ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರ್ತಾನೆ, ಆಗ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರಲ್ಲ. ಕರ್ನಾಟಕ ಪೂರ್ತಿ ಆ ಪಟ್ಟಿಯೊಳಗೆ ಬರುತ್ತೆ. ಏಪ್ರಿಲ್, ಮೇನಲ್ಲಿ ಬರೋ ಮೊದಲನೇದಕ್ಕೆ ಶಾಲೆಗೆ ಬೇಸಿಗೆ ರಜೆ. ಆಗಸ್ಟಿನದ್ದೇ ನಮ್ಮದು. ಬೀದರಿಗೆ ಆಗಸ್ಟ್ ಮೊದಲ ವಾರದಲ್ಲೇ ಆಗುತ್ತೆ, ಧಾರವಾಡಕ್ಕೆ 10ರ ಆಸುಪಾಸು, ಬೆಂಗಳೂರು, ಮಾಗಡಿ, ಹಾಸನ, ಮಂಗಳೂರಿಗೆ 18, ಚಾಮರಾಜನಗರಕ್ಕೆ 21, 22. ಸೂರ್ಯ ದಕ್ಷಿಣಕ್ಕೆ ನಡೆದುಕೊಂಡು ಹೋಗೋ ದಾರಿ ಇದು. ಮಾಗಡಿಯಲ್ಲಿ 12 ಗಂಟೆ 25 ನಿಮಿಷದ ಹೊತ್ತಿಗೆ ನೋಡಿ.

ಮಳೆಗಾಲ, ಮೋಡ ಇದ್ದರೆ ಏನೂ ಕಾಣಲ್ಲ. ಅದಕ್ಕೇ ಒಂದೇ ದಿನಕ್ಕೆ ಕಾಯಬೇಡಿ. ಆಗಸ್ಟ್ 1ರಿಂದ ದಿನಾ ಮಧ್ಯಾಹ್ನ ಬಿಸಿಯೂಟಕ್ಕೆ ಮುಂಚೆ ಮಕ್ಕಳೇ ನೆರಳಿನ ಉದ್ದ ಅಳೆದು ಬರೀಲಿ. ನೆರಳು ಎಷ್ಟು ಕಿರಿದಾಯಿತು, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ತಿರುಗಿತು ಅಂತ ಅವರಿಗೇ ಕಾಣುತ್ತೆ.

---

ಮಾಗಡಿರಸ್ತೆ · ಆಗಸ್ಟ್ 19

ನಿನ್ನೆ ಆಯ್ತು! ಶುಕ್ರವಾರ, ಆಫೀಸಿಗೆ ರಜೆ ಹಾಕಿ ಹೋಗಿದ್ದೆ. ಈ ಸಲ ಆಗಸ್ಟಿನಲ್ಲಿ ಮಳೆಯೇ ಇಲ್ಲವಲ್ಲ, ಆಕಾಶ ಬರಿದಾಗಿತ್ತು. ಬಣ್ಣದ ಡಬ್ಬದಲ್ಲಿ ಮರಳು ತುಂಬಿ ಕೋಲು ನಿಲ್ಲಿಸಿ, ಗಾರೆ ಕೆಲಸದವರ ತೂಗುಗುಂಡು ಹಿಡಿದು ನೆಟ್ಟಗಿದೆಯಾ ನೋಡಿ, ಹದಿನೇಳು ದಿನದ ಅಳತೆ ಬರೆದ ಚಾರ್ಟು ಗೋಡೆಗೆ ಅಂಟಿಸಿದ್ದರು. ಭಾನುವಾರಗಳೂ ಬಿಟ್ಟಿಲ್ಲ. ಶಾಲೆಗೆ ಹತ್ತಿರದ ಮನೆಯ ಇಬ್ಬರು ಬಂದು ಅಳೆದಿದ್ದಾರೆ. ನಾನು ಅದರಲ್ಲಿ ಒಂದು ದಿನವೂ ಅಲ್ಲಿರಲಿಲ್ಲ. ಮೇಡಂ ಮಾಡಿಸಿದ್ದು.

12:25ಕ್ಕೆ ನೆರಳು ಕೋಲಿನ ಬುಡದೊಳಗೆ ಹೊಕ್ಕಿತು. ಮಕ್ಕಳು ಲೋಟ, ಟಿಫನ್ ಡಬ್ಬ, ಚಪ್ಪಲಿ ಏನು ಸಿಕ್ಕಿತೋ ಅದನ್ನೆಲ್ಲ ಬಿಸಿಲಲ್ಲಿ ಇಟ್ಟು ನೋಡಿದರು. ಒಬ್ಬ ಹುಡುಗ ಎಲ್ಲ ಮುಗಿದ ಮೇಲೆ "ಮಿಸ್, ಮೋಡ ಬಂದು ಇದು ಕಾಣದೆ ಹೋಗಿದ್ರೂ ಪರವಾಗಿರಲಿಲ್ಲ, ರಾಗಿ ಒಣಗ್ತಾ ಇದೆ" ಅಂದ. ಅವನಿಗೆ ಏನು ಹೇಳಬೇಕೋ ತಿಳೀಲಿಲ್ಲ. ಮಳೆ ಅಳೆಯೋ ಡಬ್ಬ ಮಾಡೋಣ ಅಂತ ಮೇಡಂ ಅವನ ಜೊತೆ ಮಾತಾಡ್ತಿದ್ದಾರೆ.

ಈಗ ಸೆಪ್ಟೆಂಬರ್ 23ರ ವಿಷಯ. ಅವತ್ತು ಸೂರ್ಯ ಸಮಭಾಜಕದ ಮೇಲೆ ಇರ್ತಾನೆ. ದೂರದ ಇನ್ನೊಂದು ಶಾಲೆಯವರೂ ಅದೇ ಮಧ್ಯಾಹ್ನ ನೆರಳು ಅಳೆದು ಹೇಳಿದರೆ ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು, ಎರಟೋಸ್ತನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಮಾಡಿದ ಹಾಗೆ. ಉತ್ತರದ ಕಡೆ ಶಾಲೆ ಯಾರಾದರೂ ಇದ್ದೀರಾ?

---

ಮಾಂಜ್ರಾ · ಆಗಸ್ಟ್ 21

ನಾ ಬೀದರದಾಗ ಪ್ರೌಢಶಾಲಿ ಮಾಸ್ತರ್ ಇದ್ದೀನ್ರಿ ಮೇಡಂ. ನಮ್ಮ ಎಂಟನೇತ್ತೆ ಹುಡುಗರು ಮಾಡ್ತಾರ. ಬೀದರ, ಮಾಗಡಿ ಎರಡೂ ಹೆಚ್ಚುಕಮ್ಮಿ ಒಂದೇ ರೇಖಾಂಶದಾಗ ಅವ, ನಡು ಮಧ್ಯಾಹ್ನ ಇಬ್ಬರಿಗೂ 12:12ರ ಸುತ್ತ ಬರ್ತದ. ಬಸ್ಸಿನ ದಾರಿ ಕಿಲೋಮೀಟರ್ ತಗೋಬ್ಯಾಡ್ರಿ, ನಕಾಶದ ಮ್ಯಾಲ ನೆಟ್ಟಗೆ ಉತ್ತರ ದಕ್ಷಿಣ ಅಳೀರಿ. ನಾವು ಅಳದ್ವಿ, 550 ಬಂತು.

---

ಪ್ರಶ್ನೆ · ಆಗಸ್ಟ್ 22

ನನ್ನ ಪ್ರಶ್ನೆಯಿಂದ ನಾನು ಹಿಂದೆ ಸರಿದಿಲ್ಲ. ಆದರೆ ನಮ್ಮೂರ ಅತಿಥಿ ಶಿಕ್ಷಕಿಗೆ ಇಲ್ಲಿಯ ಅರಿಶಿನದ ಭಾಗವನ್ನು ಓದಿ ಹೇಳಿದೆ. ಅವರು ಮಾಡಿಸಿದ್ದಾರೆ. ಸಮಾಲೋಚನಾ ಸಭೆಗೆ ಬಂದು ಮೇಷ್ಟ್ರುಗಳಿಗೆ ಮಾಡಿಸುವವರು ತುಮಕೂರು ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ತಿಳಿಸಿ. ಹುದ್ದೆ ತುಂಬುವ ಅರ್ಜಿಗೆ ಊರವರ ಸಹಿ ಸಂಗ್ರಹವೂ ನಡೆದಿದೆ, ಅದಕ್ಕೂ ಬನ್ನಿ.

---

ನ್ಯೂಜೆರ್ಸಿಕನ್ನಡತಿ · ಆಗಸ್ಟ್ 22

ತುಮಕೂರು ನನ್ನ ಜಿಲ್ಲೆ, ನನ್ನ ತಮ್ಮ ಅಲ್ಲೇ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾನೆ. ಅವನಿಗೆ ಹೇಳುತ್ತೇನೆ. ಕಿಟ್ಟಿನ ಹಣದಲ್ಲಿ ಭೂತಕನ್ನಡಿಗಳನ್ನೇ ಕೊಂಡೆವು ಮೇಷ್ಟ್ರೇ, ಆರುನೂರು. ಒಡೆದರೆ ಲೆಕ್ಕ ಕೇಳುವುದಿಲ್ಲ ಎಂದು ಪತ್ರವನ್ನೂ ಜೊತೆಗೆ ಇಟ್ಟಿದ್ದೇವೆ.

---

ಮಾಗಡಿರಸ್ತೆ · ಸೆಪ್ಟೆಂಬರ್ 23

ಇವತ್ತು ಶನಿವಾರ, ಶಾಲೆ ಬಿಟ್ಟ ಮೇಲೂ ಮಕ್ಕಳು ನಿಂತರು. 11:50ರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತು ಮಾಡ್ತಾ ಹೋದರು, ಎಲ್ಲಕ್ಕಿಂತ ಗಿಡ್ಡದ್ದು ತಗೊಂಡೆವು. ಒಂದು ಮೀಟರ್ ಕೋಲಿಗೆ ನಮ್ಮದು 23 ಸೆಂ.ಮೀ. ಚಾರ್ಟಿನ ಮೇಲೆ ದೊಡ್ಡದಾಗಿ ತ್ರಿಕೋನ ಬರೆದು ಕೋನಮಾಪಕ ಇಟ್ಟರೆ 13 ಡಿಗ್ರಿ. ಬೀದರಿನಿಂದ ಫೋನು ಬಂತು, 31 ಮುಕ್ಕಾಲು ಸೆಂ.ಮೀ., ಹದಿನೇಳೂವರೆ ಡಿಗ್ರಿ. ವ್ಯತ್ಯಾಸ ನಾಲ್ಕೂವರೆ. ಭೂಮಿಯ ಪೂರ್ತಿ ಸುತ್ತು 360 ಡಿಗ್ರಿ, ಅದರಲ್ಲಿ ನಮ್ಮಿಬ್ಬರ ನಡುವಿನ 550 ಕಿ.ಮೀ. ಅಷ್ಟು ಪಾಲು. 360ನ್ನು ಅದರಿಂದ ಭಾಗಿಸಿದರೆ 80, 550ರಿಂದ ಗುಣಿಸಿದರೆ 44,000 ಕಿ.ಮೀ.

ಪುಸ್ತಕದಲ್ಲಿ 40,000 ಅಂತಿದೆ. ಮಕ್ಕಳ ಮುಖ ಸಪ್ಪಗಾಯಿತು. ನಾನು "ಅಷ್ಟು ಹತ್ತಿರ ಬಂದಿದ್ದೇ ದೊಡ್ಡದು" ಅಂತ ಸಮಾಧಾನ ಹೇಳೋಕೆ ಹೊರಟೆ, ಮೇಡಂ ನನ್ನ ಕೈ ಹಿಡಿದು ನಿಲ್ಲಿಸಿದರು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಬೋರ್ಡಿನ ಮೇಲೆ ಸುಣ್ಣದ ಜಾತಿ, ನಿಂಬೆ ಜಾತಿ ಬರೆದಿದ್ದ ಹುಡುಗಿಯೇ ಎದ್ದು, "ಅವರ ಕೋಲು ನೆಲದಲ್ಲಿ ಹೂತಿದ್ದಾರಾ? ನಾವು ಮರಳಿನಿಂದ ಮೇಲಕ್ಕೆ ಅಳೆದ್ವಿ, ಅವರು?" ಅಂದಳು. ತಿರುಗಿ ಫೋನ್ ಮಾಡಿದ್ವಿ.

---

ಮಾಂಜ್ರಾ · ಸೆಪ್ಟೆಂಬರ್ 23

ಹೌದ್ರಿ. ನಾವು ಮೀಟರ್ ಕೋಲು ತಂದು ಮೈದಾನದಾಗ ಊರಿ ಬಿಟ್ಟಿದ್ವಿ, ಮ್ಯಾಲ ಎಷ್ಟು ಉಳೀತು ಅಂತ ನಾನೂ ನೋಡಿಲ್ಲ, ಹುಡುಗರೂ ನೋಡಿಲ್ಲ. ನಿಮ್ಮ ಫೋನ್ ಬಂದ ಮ್ಯಾಲ ಓಡಿ ಹೋಗಿ ಕಿತ್ತು ನೋಡಿದ್ರ ಎರಡು ಸೆಂ.ಮೀ. ಮಣ್ಣಿನ ಗುರ್ತು. ಕೋಲು 98 ಹಿಡದು ತ್ರಿಕೋನ ಮತ್ತ ಬರದ್ವಿ. 18 ಡಿಗ್ರಿ ಬಂತು. ವ್ಯತ್ಯಾಸ 5, ಅಂದ್ರ 72 ಪಟ್ಟು. 39,600.

ನಮ್ಮ ಹುಡುಗರು ಆ ಹುಡುಗಿ ಹೆಸರು ಕೇಳಾಕತ್ತಾರ.

---

ಮಾಗಡಿರಸ್ತೆ · ಸೆಪ್ಟೆಂಬರ್ 24

ಹೆಸರು ಇಲ್ಲಿ ಹಾಕಲ್ಲ ಸರ್, ಮಕ್ಕಳ ಹೆಸರು, ಫೋಟೋ ಎಲ್ಲೂ ಹಾಕಬಾರದು ಅಂತ ಮೇಡಂ ಮೊದಲ ದಿನವೇ ಹೇಳಿದ್ದಾರೆ. ಅವಳೇ ನಿಮ್ಮ ಶಾಲೆಗೆ ಪತ್ರ ಬರೀತಿದ್ದಾಳೆ. ಶಾಲೆಯ ವಿಳಾಸ, ಪಿನ್ ಕೋಡ್ ನನಗೆ ಪ್ರತ್ಯೇಕ ಸಂದೇಶದಲ್ಲಿ ಕಳಿಸಿ. ಡಿಸೆಂಬರ್ 22ಕ್ಕೆ, ವರ್ಷದ ಅತಿ ಗಿಡ್ಡ ಹಗಲಿನ ದಿನ, ಇನ್ನೊಂದು ಸಲ ಅಳೆಯೋಣವಾ ಅಂತ ಅದರಲ್ಲಿ ಕೇಳಿದ್ದಾಳೆ.